ಐದು ಗಂಟೆಯೊಳಗೆ, ಅಂಚೆಯಲ್ಲೇ

ಸೊನೊಬೆ ತಕಿಕೊ ಅವರ ಪಕ್ಕದ ಮೇಜಿನಲ್ಲಿ ನಾನು ನಾಲ್ಕು ವರ್ಷ ಕೂತಿದ್ದೆ. ಅದರಲ್ಲಿ ಮೂರೂಮುಕ್ಕಾಲು ವರ್ಷ ಅವರ ಮೇಲೆ ಹಲ್ಲು ಮಸೆದದ್ದೇ ಆಯಿತು. ಜಪಾನಿನ ನಮ್ಮ ವಿಶ್ವವಿದ್ಯಾಲಯದಲ್ಲಿ ಪದವಿ ಓದಲು ಹೊರದೇಶದ ಮಕ್ಕಳು ಹಾಕುವ ಅರ್ಜಿಗಳನ್ನು ತೆಗೆದುಕೊಳ್ಳುವ ವಿಭಾಗ ನಮ್ಮದು. ಕೃಷಿಯೋ, ಎಂಜಿನಿಯರಿಂಗೋ, ಪಶುವೈದ್ಯವೋ, ಯಾವ ಪದವಿಯ ಅರ್ಜಿಯಾದರೂ ಮೊದಲು ಸೊನೊಬೆಯವರ ಕೈ ದಾಟಬೇಕು. ದಾಟುವುದು ಸುಲಭವೇ? ಫೋಟೊ ಒಂದು ಮಿಲಿಮೀಟರ್ ಚಿಕ್ಕದಾಗಿದ್ದರೆ ವಾಪಸ್. ಅಂಕಪಟ್ಟಿಯ ಲಕೋಟೆಯ ಅಂಟಿನ ಮೇಲೆ ಶಾಲೆಯ ಮುದ್ರೆ ಇಲ್ಲದಿದ್ದರೆ ವಾಪಸ್. ಗಡುವಿನ ದಿನ ಸಂಜೆ ಐದು ಗಂಟೆ ಒಂದು ನಿಮಿಷಕ್ಕೆ ಬಂದರೆ, ದೇವರೇ ಕೂತು ಬರೆದ ಅರ್ಜಿಯಾದರೂ ವಾಪಸ್.

ಅವರು ಇದೇ ಊರಿನ ಬಂದರಿನ ಬೀದಿಯವರು. ಇಪ್ಪತ್ತಾರನೇ ವಯಸ್ಸಿನಲ್ಲಿ ಟೈಪ್ ಮಾಡುವ ಕೆಲಸಕ್ಕೆ ಸೇರಿದಾಗ ಇಡೀ ವಿಶ್ವವಿದ್ಯಾಲಯದಲ್ಲಿ ಇದ್ದ ಹೊರದೇಶದ ವಿದ್ಯಾರ್ಥಿಗಳು ಇಬ್ಬರೇ. ಹೊರದೇಶದವರಿಗೆಂದು ತಂದ ಮೊದಲ ಪ್ರವೇಶ ಕೈಪಿಡಿಯನ್ನು ಟೈಪ್ ಮಾಡಿದವರು ಇವರೇ. ಗಂಡ ಬೇಗ ತೀರಿಕೊಂಡ, ಮಕ್ಕಳಿಲ್ಲ. ವಿಮಾನ ಹತ್ತಿದವರೇ ಅಲ್ಲ. ಆದರೆ ಢಾಕಾದ ಅಂಕಪಟ್ಟಿ ಯಾವುದು, ಯಾಂಗೊನ್‌ನದು ಯಾವುದು, ಉಲಾನ್‌ಬಾತರಿನ ಯಾವ ಶಾಲೆಯ ಮುದ್ರೆ ದುಂಡಗಿರುತ್ತದೆ, ಯಾವುದು ಚೌಕ, ಎಲ್ಲ ಬೆರಳ ತುದಿಯಲ್ಲಿತ್ತು. ಒಮ್ಮೆ ಪಾಸಾದ ಹುಡುಗನ ತಾಯಿ ಢಾಕಾದಿಂದ ಒಂದು ಡಬ್ಬಿ ಸಿಹಿ ಕಳಿಸಿದ್ದರು. ಉಡುಗೊರೆ ತೆಗೆದುಕೊಳ್ಳುವಂತಿಲ್ಲ ಎಂದು ಕಾಗದ ಬರೆದು ಇವರು ಡಬ್ಬಿಯನ್ನು ವಾಪಸ್ ಕಳಿಸಿದರು. ಕಟ್ಟು ಕಟ್ಟುವ ಕೆಲಸ ನನ್ನದಾಗಿದ್ದರಿಂದ ನಾನು ಎರಡು ತಿಂದು ಕಟ್ಟಿದೆ.

ನನ್ನ ಹೆಸರು ಕುವಾಬರಾ. ಆಗ ನನ್ನದು ವರ್ಷ ವರ್ಷಕ್ಕೆ ಮುಂದುವರಿಸುವ ಗುತ್ತಿಗೆ ಕೆಲಸ. ಆ ಮಾರ್ಚಿನಲ್ಲಿ ಇನ್ನೊಂದು ಸಲ ಮುಂದುವರಿದರೆ ಕಾಯಂ, ಇಲ್ಲದಿದ್ದರೆ ಮನೆ. ಸೊನೊಬೆಯವರಿಗೆ ಅದೇ ಮಾರ್ಚಿನಲ್ಲಿ ನಿವೃತ್ತಿ.

ಜನವರಿಯ ಆ ಗುರುವಾರ ಅಂಚೆಯವನು ತಂದ ಕಟ್ಟು ಹಿಮದಲ್ಲಿ ತೊಯ್ದು ತೊಪ್ಪೆಯಾಗಿತ್ತು. ಮಾರನೇ ದಿನ, ಶುಕ್ರವಾರ ಸಂಜೆ ಐದಕ್ಕೆ ಗಡುವು. ನಮ್ಮ ಮೂಲೆಯಲ್ಲಿ ಒಂದು ಸೀಮೆಎಣ್ಣೆ ಒಲೆ ಇದೆ, ಚಳಿ ಕಾಯಿಸಲು. ಅದರ ಮೇಲಿನ ತಗಡಿನಲ್ಲಿ, ನೀರಿನ ಕೆಟಲ್ ಪಕ್ಕ, ಲಕೋಟೆಗಳನ್ನು ಹರವಿದವಳು ನಾನು. ಕಾಗದವನ್ನು ಒಲೆಯ ಮೇಲಿಡಬೇಡ ಎಂದು ಸೊನೊಬೆಯವರು ನೂರು ಸಲ ಹೇಳಿದ್ದರು. ಆಗ ಅವರು ಚಹಾದ ಲೋಟ ತೊಳೆಯಲು ಹೋಗಿದ್ದರು. ಬಂದವರು ನೋಡಿದರು, ತುಟಿ ಬಿಗಿದು ಒಂದೊಂದಾಗಿ ಎತ್ತಿಕೊಂಡರು.

ಮೂರನೇ ಲಕೋಟೆ ಬಿಚ್ಚಿದಾಗ ನಾನೂ ಬಗ್ಗಿ ನೋಡಿದೆ. ಅರ್ಜಿಯ ಹಾಳೆಯಲ್ಲಿ ಫೋಟೊ ಇದೆ, ಅಚ್ಚಾದ ಗೆರೆಗಳಿವೆ, ಕೈಬರಹ ಒಂದಕ್ಷರವೂ ಇಲ್ಲ. ಹೆಸರಿನ ಜಾಗ ಖಾಲಿ, ಹುಟ್ಟಿದ ದಿನ ಖಾಲಿ, ಯಾಕೆ ಓದಬೇಕೆಂದು ಬರೆಯುವ ಹದಿನೈದು ಗೆರೆಯೂ ಖಾಲಿ.

"ಅಳಿಸೋ ಪೆನ್ನು," ಎಂದರು ಸೊನೊಬೆಯವರು.

ನಮ್ಮ ಶಾಲೆಗಳಲ್ಲಿ ಮಕ್ಕಳ ಕೈಯಲ್ಲೆಲ್ಲ ಅದೇ ಪೆನ್ನು. ಉಜ್ಜಿದರೆ ಆ ಬಿಸಿಗೆ ಶಾಯಿ ಮಾಯವಾಗುತ್ತದೆ. ಒಲೆಗಿಟ್ಟರೆ ಕೇಳಬೇಕೇ! ಆ ಪೆನ್ನಿನಲ್ಲಿ ಬರೆಯಬೇಡಿ ಎಂದು ಕೈಪಿಡಿಯ ಮೂರನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿದೆ. ಹುಡುಗಿ ಅದನ್ನು ಓದಿರಲಿಲ್ಲ.

ಲಕೋಟೆಯ ಮೇಲೆ ದಪ್ಪ ಮಾರ್ಕರಿನಲ್ಲಿ ಬರೆದ ಹೆಸರು, ಫೋನ್ ನಂಬರ್ ಉಳಿದಿದ್ದವು. ಸೊಲೊಂಗೊ. ಮಂಗೋಲಿಯಾದ ಹುಡುಗಿ, ಒಸಾಕಾದ ಒಂದು ಭಾಷಾ ಶಾಲೆಯಲ್ಲಿ ಜಪಾನಿ ಕಲಿಯುತ್ತಿರುವವಳು. ಕೇಳಿದ್ದು ಪಶುವೈದ್ಯ ಪದವಿ. ಉಳಿದ ಕಾಗದಗಳು ನೆಟ್ಟಗಿದ್ದವು. ಅವುಗಳ ಪ್ರಕಾರ ಭಾಷಾ ಶಾಲೆಯಲ್ಲಿ ಅವಳ ಎರಡು ವರ್ಷ ಮಾರ್ಚಿಗೆ ಮುಗಿಯುತ್ತಿತ್ತು. ಎರಡು ವರ್ಷಕ್ಕಿಂತ ಹೆಚ್ಚು ಅಲ್ಲಿರಲು ವೀಸಾ ಕೊಡುವುದಿಲ್ಲ. ಅಷ್ಟರೊಳಗೆ ಎಲ್ಲಾದರೂ ಸೀಟು ಸಿಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಬೇಕು. ಅವಳು ಅರ್ಜಿ ಹಾಕಿದ್ದು ನಮ್ಮಲ್ಲಿ ಮಾತ್ರ.

"ತಪ್ಪು ಪೆನ್ನಲ್ಲಿ ಬರ್ದಿದ್ದು ಅವಳೇ ತಾನೇ? ವಾಪಸ್ ಕಳಿಸಿಬಿಡಿ. ಯಾವಾಗ್ಲೂ ನಿಯಮ ನಿಯಮ ಅಂತೀರಲ್ಲ," ಎಂದೆ. ಭಯಕ್ಕೆ ಆಡಿದ ಮಾತು. ಈಗ ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಪೆನ್ನು ಅವಳದು. ಒಲೆ ಯಾರದು?"

ಅರ್ಜಿದಾರರಿಗೆ ಅವರಾಗಿ ಫೋನ್ ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವತ್ತು ಮಾಡಿದರು. ಬೆಳಗ್ಗೆ ಸಿಗಲಿಲ್ಲ, ಮಧ್ಯಾಹ್ನ ಸಿಗಲಿಲ್ಲ. ಹುಡುಗಿ ಎಲ್ಲೋ ಊಟದ ಡಬ್ಬಿ ತುಂಬುವ ಕೆಲಸದಲ್ಲಿದ್ದಳಂತೆ. ಸಂಜೆ ಆರಕ್ಕೆ ಸಿಕ್ಕಳು. ಸೊನೊಬೆಯವರು ಹೆಸರಿಗೆ 'ಸಾನ್' ಸೇರಿಸಿ ಮರ್ಯಾದೆಯಿಂದಲೇ ಶುರುಮಾಡಿದರು.

"ಸೊಲೊಂಗೊ ಸಾನಾ? ನಿಮ್ಮ ಅರ್ಜಿ ಇಲ್ಲಿ ಒಲೆ ಬಿಸಿಗೆ ಅಳಿಸಿಹೋಗಿದೆ. ಅಳ್ಬೇಡ, ಮೊದ್ಲು ಕೇಳಿಸ್ಕೊ. ಹೊಸ ಹಾಳೆ, ಅಳಿಸದೇ ಇರೋ ಪೆನ್ನು. ನಾಳೆ ಬೆಳಗ್ಗೆ ಮೊದಲ್ನೇ ಬಸ್ಸಿಗೆ ಹೊರಡು. ಆಫೀಸಿಗೆ ಬರ್ಬೇಡ. ಸ್ಟೇಷನ್ ಎದುರಿನ ದೊಡ್ಡ ಅಂಚೆ ಕಚೇರಿಗೆ ಬಾ. ನಾನಲ್ಲಿರ್ತೀನಿ."

ಅರ್ಜಿ ಅಂಚೆಯಲ್ಲೇ ಬರಬೇಕು, ಕೈಯಲ್ಲಿ ತಂದುಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲಿ ಅದು ಹಳೆಯ ನಿಯಮ. ಆ ಹೊತ್ತಿನಲ್ಲಿ ಒಸಾಕಾದಿಂದ ಅಂಚೆಗೆ ಹಾಕಿದರೆ, ಆ ಹಿಮದಲ್ಲಿ, ಮಾರನೇ ದಿನ ಐದರೊಳಗೆ ತಲುಪುವ ಭರವಸೆ ಇರಲಿಲ್ಲ. ಸೊನೊಬೆಯವರು ಅರ್ಧ ದಿನದ ರಜೆ ಬರೆದಿಟ್ಟರು. ವಿಭಾಗದ ಹೆಸರಿಗೆ ಬಂದ ಅಂಚೆಯನ್ನು ಅಂಚೆ ಕಚೇರಿಯ ಕಿಟಕಿಯಲ್ಲೇ ತೆಗೆದುಕೊಳ್ಳಲು ಒಂದು ಅಧಿಕಾರ ಪತ್ರ ಬರೆದು, ಮುಖ್ಯಸ್ಥ ಯೊನೆಡಾ ಅವರ ಹೆಸರಿನ ಮುದ್ರೆ, ನಮ್ಮಲ್ಲಿ ಸಹಿ ಎಂದರೆ ಅದೇ, ಹಾಕಿಸಿಕೊಂಡರು. ಯೊನೆಡಾ ಅದನ್ನು ಓದದೆ ಒತ್ತಿದರು.

ಶುಕ್ರವಾರ ಬಸ್ಸು ಹನ್ನೆರಡೂವರೆಗೆ ಬರಬೇಕಿತ್ತು. ಎರಡಾಯಿತು, ಮೂರಾಯಿತು. ಘಟ್ಟದಲ್ಲಿ ಲಾರಿಯೊಂದು ಅಡ್ಡ ನಿಂತು ರಸ್ತೆ ಬಂದಾಗಿದೆ ಎಂದು ನಿಲ್ದಾಣದವರು ಫೋನಿನಲ್ಲಿ ಹೇಳಿದರು. ನನಗೆ ಮೇಜಿನ ಮುಂದೆ ಕೂರಲಾಗಲಿಲ್ಲ. ಅಂಚೆಚೀಟಿ ತರುವ ನೆಪ ಹೇಳಿ ಮೂರೂವರೆಗೆ ನಾನೂ ಅಲ್ಲಿಗೆ ಹೋದೆ. ಸೊನೊಬೆಯವರು ಅಂಚೆ ಕಚೇರಿಯ ಬಾಗಿಲಲ್ಲಿ ಕೊಡೆ ಹಿಡಿದು ನಿಂತೇ ಇದ್ದರು. ಬೂಟು ಕಾಣದಷ್ಟು ಹಿಮ ಬಿದ್ದಿತ್ತು.

"ಬಂದ್ರೆ ಅವಳ ಕೈಯಿಂದ್ಲೇ ತಗೊಳ್ಳಿ ಮಾರಾಯ್ರೆ! ಏನು ಗಂಟು ಹೋಗತ್ತೆ ನಿಮ್ದು? ಯಾರು ನೋಡ್ತಾರೆ?" ಎಂದೆ.

"ಹೋದ್ ವರ್ಷ ಹನೋಯ್ ಹುಡುಗ ಕೈಯಲ್ಲಿ ತಂದಿದ್ದ. ವಾಪಸ್ ಕಳಿಸ್ದೆ. ಅಳ್ತಾ ಹೋದ. ಇವಳದು ತಗೊಂಡ್ರೆ ಅವನಿಗೇನು ಹೇಳ್ಲಿ?"

"ಅವನೇನು ಬಂದು ಕೇಳ್ತಾನಾ?"

"ಕೇಳಲ್ಲ. ಅದಕ್ಕೇ ಸರಿಯಾಗಿರ್ಬೇಕು."

ಇಂಥವರ ಹತ್ತಿರ ಏನು ಮಾತಾಡುವುದು! ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅಷ್ಟೆ.

ನಾಲ್ಕು ಗಂಟೆ ಹದಿನಾಲ್ಕು ನಿಮಿಷಕ್ಕೆ ಬಸ್ಸು ಬಂತು. ಮೊದಲು ಇಳಿದದ್ದು ಕೆಂಪು ಟೋಪಿಯ ಹುಡುಗಿ. ಓಡಿ ಬರುವಾಗ ಜಾರಿ ಮಂಡಿಯೂರಿ ಬಿದ್ದಳು. ಎದ್ದವಳು ಮಂಡಿ ನೋಡಿಕೊಳ್ಳದೆ ಕೋಟಿನೊಳಗೆ ಕೈ ಹಾಕಿ ಲಕೋಟೆ ಒದ್ದೆಯಾಗಿಲ್ಲವೆಂದು ನೋಡಿಕೊಂಡಳು.

ಕಿಟಕಿಯಲ್ಲಿ ಕೂತಿದ್ದ ಅಂಚೆಯ ಗುಮಾಸ್ತ ಮೂವರನ್ನೂ ನೋಡಿದ. "ರಿಜಿಸ್ಟರ್ಡ್, ಎಕ್ಸ್‌ಪ್ರೆಸ್, ಸರಿ. ವಿಳಾಸ ವಿಶ್ವವಿದ್ಯಾಲಯ. ತಗೊಳ್ಳೋರು?"

"ನಾನು," ಎಂದು ಸೊನೊಬೆಯವರು ಅಧಿಕಾರ ಪತ್ರ, ಗುರುತಿನ ಚೀಟಿ ಎರಡನ್ನೂ ಮುಂದಿಟ್ಟರು.

"ಕೊಡೋರು ಈ ಕಡೆ, ತಗೊಳ್ಳೋರು ಪಕ್ಕದಲ್ಲಿ. ಮಧ್ಯ ನಾನ್ಯಾಕ್ರೀ ಅಮ್ಮಾ?"

"ಮಧ್ಯ ನೀವು ಇರ್ಲೇಬೇಕು."

ಅವನು ಲಕೋಟೆಯನ್ನು ಒಳಗೆ ತೆಗೆದುಕೊಂಡು ಹೋದ. ಬಂದದ್ದು, ಹೋದದ್ದು ಎರಡನ್ನೂ ದಾಖಲು ಮಾಡಬೇಕು. ಹುಡುಗಿ ಉಗುರು ಕಚ್ಚುತ್ತಿದ್ದಳು. ಹೊರಗೆ ಬಂದಾಗ ನಾಲ್ಕು ಮೂವತ್ತೇಳು.

ಟ್ಯಾಕ್ಸಿಯ ಸುಳಿವಿಲ್ಲ. ಹತ್ತು ನಿಮಿಷದ ದಾರಿ, ಏರು ಬೇರೆ. ಅರವತ್ತು ದಾಟಿದ ಆ ಹೆಂಗಸು ಲಕೋಟೆಯನ್ನು ಎದೆಗವಚಿಕೊಂಡು ಮುಂದೆ ಮುಂದೆ ನಡೆದರು. ಎರಡು ಸಲ ಜಾರಿದರು. ಹುಡುಗಿ ತೋಳು ಹಿಡಿಯಲು ಹೋದಳು.

"ಮುಟ್ಬೇಡ. ಅರ್ಜಿ ಹಾಕಿದವರಿಂದ ಸಹಾಯ ತಗೊಳ್ಳೋ ಹಾಗಿಲ್ಲ. ಕುವಾಬರಾ ಸಾನ್, ನೀನು ಹಿಡ್ಕೋ."

ನಾನು ಹಿಡಿದುಕೊಂಡೆ.

ವಿಭಾಗದ ಬಾಗಿಲು ತಲುಪಿದಾಗ ನಾಲ್ಕು ಐವತ್ತೊಂದು. ಹುಡುಗಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾವಿಬ್ಬರು ಒಳಗೆ ಹೋದೆವು. ಯೊನೆಡಾ ಲಕೋಟೆಯ ಮೇಲಿನ ಹೆಸರು ನೋಡಿದರು, ಬಂದ ಅರ್ಜಿಗಳ ಪುಸ್ತಕ ತೆರೆದರು. ಕೆಟ್ಟ ಮನುಷ್ಯರಲ್ಲ, ಮೇಲಿನವರಿಗೆ ಹೆದರಿ ಹೆದರಿ ಸೊರಗಿದವರು.

"ಇವಳದು ನಿನ್ನೆನೇ ಬಂದಿದೆಯಲ್ಲ ಸೊನೊಬೆ ಸಾನ್. ನೀವೇ ಬರ್ದಿದೀರಿ, ಹಾಳೆ ಖಾಲಿ, ಅಳಿಸೋ ಪೆನ್ನು ಅಂತ. ಒಬ್ಬರಿಗೆ ಒಂದೇ ಅರ್ಜಿ. ತಪ್ಪು ಅವಳದೇ ಆದ್ರೆ ಎರಡನೇದು ತಗೊಳ್ಳೋಕೆ ಬರಲ್ಲ."

"ನಮ್ಮ ಕೈಯಲ್ಲಿ ಹಾಳಾದ್ರೆ ತಗೋಬಹುದು. ಹನ್ನೊಂದನೇ ಕಲಮು."

"ನಮ್ಮ ಕೈಯಲ್ಲಾ?"

"ಒಲೆ ಮೇಲಿಟ್ಟು ಹಾಳಾಗಿದ್ದು. ಇಲ್ಲೇ."

ಯೊನೆಡಾ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಇಟ್ಟವರ ಹೆಸರು ಬೇಕು. ತಪ್ಪೊಪ್ಪಿಗೆ ಪತ್ರ ಬೇಕು, ಅವರ ಕೈಬರಹದಲ್ಲಿ, ಅವರ ಮುದ್ರೆ ಹಾಕಿ. ಅದಿಲ್ದೆ ನಾನು ಮುದ್ರೆ ಒತ್ತೋಕಾಗಲ್ಲ. ಯಾರಿಟ್ಟಿದ್ದು?"

ನಾಲ್ಕು ಐವತ್ತಮೂರು. ಬಾಗಿಲ ಗಾಜಿನಾಚೆ ಕೆಂಪು ಟೋಪಿ ಕಾಣುತ್ತಿತ್ತು. ನಾನು ಬಾಯಿ ತೆರೆದೆ. ನಾನಿಟ್ಟೆ ಎನ್ನುವುದು ಎಷ್ಟು ಚಿಕ್ಕ ಮಾತು! ಆ ಪತ್ರ ನನ್ನ ಹೆಸರಿನಲ್ಲಿ ಕಡತ ಸೇರಿದರೆ ಮಾರ್ಚಿನಲ್ಲಿ ನನ್ನ ಗುತ್ತಿಗೆ ಮುಂದುವರಿಯುವುದಿಲ್ಲ. ನಾಲ್ಕು ವರ್ಷ ಕಾದ ಕೆಲಸ. ತೆರೆದ ಬಾಯಿ ತೆರೆದೇ ಉಳಿಯಿತು, ಮಾತು ಹೊರಡಲಿಲ್ಲ. ಹೇಡಿ ನಾನು. ಬೇರೆ ಹೆಸರಿಲ್ಲ ಅದಕ್ಕೆ.

"ನಾನೇ ಇಟ್ಟೆ," ಎಂದರು ಸೊನೊಬೆಯವರು.

"ನೀವಾ? ಒಲೆ ಮೇಲೆ ಕಾಗದಾನಾ?" ಯೊನೆಡಾ ನಂಬಲಿಲ್ಲ. ಒಮ್ಮೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ವಯಸ್ಸಾಯ್ತು. ಹಾಳೆ ಕೊಡಿ, ಹೊತ್ತಾಗ್ತಿದೆ."

ಅವರು ನಿಂತುಕೊಂಡೇ ಬರೆದರು. ಹಿಮದಲ್ಲಿ ಮರಗಟ್ಟಿದ ಬೆರಳು, ಆದರೂ ಅಕ್ಷರ ಒಂದೂ ಸೊಟ್ಟಗಿರಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಅಂಥ ಒಂದು ಪತ್ರ ಬರೆಯದವರು ಅವರು. ಅದರಲ್ಲಿ ಬರೆದದ್ದೋ ಸುಳ್ಳು. ಮುದ್ರೆ ಒತ್ತಿದರು. ಯೊನೆಡಾ ತಮ್ಮದನ್ನೂ ಒತ್ತಿ, ಲಕೋಟೆಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿದಾಗ ನಾಲ್ಕು ಐವತ್ತೆಂಟು. ಸೊನೊಬೆಯವರು ಬಾಗಿಲು ತೆರೆದು ಹುಡುಗಿಗೆ ತಲೆ ಬಾಗಿಸಿ ಹೇಳಿದರು: "ಅರ್ಜಿ ತಗೊಂಡಿದೀವಿ. ನಿಮ್ಮ ಮೊದಲ್ನೇ ಹಾಳೆ ಹಾಳುಮಾಡಿದ್ದು ನಾನು. ಕ್ಷಮಿಸ್ಬೇಕು." ಸೊಲೊಂಗೊ ಬೆಂಚಿನ ಮೇಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ಫೆಬ್ರವರಿಯ ಪರೀಕ್ಷೆಯಲ್ಲಿ ಅವಳು ಪಾಸಾದಳು. ಮಾರ್ಚಿನಲ್ಲಿ ಸೊನೊಬೆಯವರು ನಿವೃತ್ತರಾದರು. ಕಳಂಕವಿಲ್ಲದೆ ದುಡಿದವರಿಗೆ ನಮ್ಮಲ್ಲಿ ಒಂದು ಗೌರವ ಪತ್ರ ಓದಿ ಕೊಡುತ್ತಾರೆ. ಅವರ ಹೆಸರು ಕರೆಯಲಿಲ್ಲ. ಗೇಟಿನವರೆಗೆ ಅವರ ಚೀಲ ಹೊತ್ತುಕೊಂಡು ಹೋದೆ.

"ಯಾಕೆ ಹಾಗೆ ಮಾಡಿದ್ರಿ?"

"ನೀನು ಹೇಳ್ತೀಯ ಅಂತ ಕಾದೆ. ಗಡಿಯಾರ ಕಾಯಲ್ಲ," ಎಂದರು. ಬೈಗುಳದ ಧಾಟಿಯಿರಲಿಲ್ಲ. ಚೀಲ ತೆಗೆದುಕೊಂಡು ಬಂದರಿನ ಬಸ್ಸು ಹತ್ತಿದರು.

ನನ್ನ ಕೆಲಸ ಕಾಯಂ ಆಯಿತು. ಈಗ ಆ ಮೇಜಿನಲ್ಲಿ ಕೂರುವವಳು ನಾನು. ಸೊಲೊಂಗೊ ಪಶುವೈದ್ಯ ಪದವಿಯ ನಾಲ್ಕನೇ ವರ್ಷದಲ್ಲಿದ್ದಾಳೆ. ಮೊನ್ನೆ ವ್ಯಾಸಂಗ ಪ್ರಮಾಣಪತ್ರಕ್ಕೆಂದು ಬಂದಿದ್ದಳು, ಕೊಟ್ಟಿಗೆಯಿಂದ ಸೀದಾ, ಬೂಟಿನ ತುಂಬ ಸೆಗಣಿ.

"ಸೊನೊಬೆ ಅಜ್ಜಿ ಮನೆಗೆ ಹೋಗಿದ್ದೆ, ಕುವಾಬರಾ ಸಾನ್. ನಿಜ ಹೇಳ್ಲಾ? ಇಷ್ಟು ವರ್ಷ ಒಳಗೊಳಗೇ ಅವರ ಮೇಲೆ ಸಿಟ್ಟಿತ್ತು ನಂಗೆ. ಘಟ್ಟದಲ್ಲಿ ಆ ಬಸ್ಸೊಳಗೆ ಕೂತಾಗ ಸತ್ತೇಹೋಗ್ತೀನಿ ಅನ್ಸಿತ್ತು. ಈಗ ಹೋಯ್ತು ಬಿಡಿ. ನಿಮ್ಮನ್ನ ಕ್ಷಮಿಸಿದೀನಿ ಅಂತ ಅವರಿಗೆ ಹೇಳಿ ಬಂದೆ."

"ಏನಂದ್ರು?"

"ಏನಿಲ್ಲ. ತಲೆ ಬಾಗಿಸಿ, ತುಂಬಾ ಉಪಕಾರ ಆಯ್ತು ಅಂದ್ರು."

ಅವಳ ಪ್ರಮಾಣಪತ್ರಕ್ಕೆ ಮುದ್ರೆ ಒತ್ತಿ ಕೊಟ್ಟೆ. "ಒಳ್ಳೇದು ಮಾಡ್ದೆ ನೀನು," ಎಂದೆ.