ಟೆಸ್ಟಿಗೆ ಹಾಕಿದ ಹೆಸರು

ಸಿಂಗಪುರದ ಚಾಂಗಿ ಬಿಸಿನೆಸ್ ಪಾರ್ಕಿನ ಆಫೀಸಿನಲ್ಲಿ ಅವರು ನಮ್ಮ ಟೀಮ್ ಲೀಡ್. ಬೇರೊಂದು ದೇಶದಲ್ಲಿ ಕೆಲಸ ಕಳೆದುಕೊಂಡ ರೈಲ್ವೆ ನೌಕರರಿಗೆ ವಿಮೆಯ ಹಣ ತಲುಪಿಸುವ ಸಾಫ್ಟ್‌ವೇರನ್ನು ನಾವು ನೋಡಿಕೊಳ್ಳುತ್ತಿದ್ದೆವು. ವಿಮೆಯ ನಿಧಿಯೇ ಬೇರೆ, ಅದನ್ನು ಹಂಚುವ ಆಡಳಿತದ ಖರ್ಚೇ ಬೇರೆ. ನಮ್ಮ ಸಂಬಳ ಆ ಖರ್ಚಿನಲ್ಲಿ ಬರುತ್ತಿತ್ತು, ಅದು ಪ್ರತಿವರ್ಷ ಮಂಜೂರಾಗಬೇಕಿತ್ತು. “ಫಂಡಿಂಗ್ ಅಪ್ರೂವ್ ಆಯ್ತಾ?” ಕೊರಳಿನ ಐಡಿ ಕಾರ್ಡ್ ತಿರುವುತ್ತಾ ಲೀಡ್ ದಿನವೂ ಕೇಳುತ್ತಿದ್ದರು.

ಅರ್ಜಿಯ ಪುಟ ಟೆಸ್ಟ್ ಮಾಡುವಾಗ ನಿರುದ್ಯೋಗಿಯ ಹೆಸರಿನ ಜಾಗದಲ್ಲಿ ಯಾವಾಗಲೂ ತಮ್ಮ ಹೆಸರನ್ನೇ ಹಾಕಿ ನಗುತ್ತಿದ್ದರು. ಒಂದು ವರ್ಷ ಮಂಜೂರಾತಿ ತಡವಾಯಿತು.

“ಆ ರೈಲ್ವೆಯವರಿಗಾದ್ರೂ ವಿಮೆ ಇದೆ. ನಮಗೆ ಕೆಲಸ ಹೋದ್ರೆ ಈ ದೇಶದಲ್ಲಿರೋಕೆ ಕೊಟ್ಟ ವರ್ಕ್ ಪಾಸೂ ಕ್ಯಾನ್ಸಲ್,” ಎಂದರು.

ಅಂದು ಟೆಸ್ಟಿಗೆಂದು ಅರ್ಜಿ ತೆರೆದಾಗ ಅವರ ಬೆರಳು ಹೆಸರಿನ ಜಾಗದಲ್ಲಿ ನಿಂತುಬಿಟ್ಟಿತು.

“ಇವತ್ತು ನಿನ್ನ ಹೆಸರು ಹಾಕ್ಲಾ?”

“ಬೇಡ ಸರ್,” ಎಂದೆ.

ಇಬ್ಬರೂ ನಗಲಿಲ್ಲ.