ನಾಹೀದ ಮಾಡಿದ ರಕ್ತದಾನಿಗಳ ಯಾದಿ

ರೋಣದ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ನಾಹೀದ ಆರು ವರ್ಷದಿಂದ ಕಲಿಸುತ್ತಿದ್ದಳು. ದರ್ಜಿ ಉಸ್ಮಾನಸಾಬನ ಹಿರಿಯ ಮಗಳು, ಗದಗಿನಲ್ಲಿ ಬಿಸಿಎ ಮುಗಿಸಿದವಳು. ಬಂದವರಿಗೆಲ್ಲ ಅದೇ ಟೈಪಿಂಗು ಹೇಳಿಕೊಟ್ಟು ಅವಳಿಗೆ ಸಾಕಾಗಿಹೋಗಿತ್ತು. ಹಾಗಾಗಿ ೨೦೦೮ರ ಬೇಸಿಗೆಯಲ್ಲಿ ಚಂದ್ರಶೇಖರಪ್ಪ ಹಳೆಯ ಡೈರಿ ಹಿಡಿದು ಬಂದಾಗ ಒಂದೇ ಮಾತಿಗೆ ಹೂಂ ಅಂದುಬಿಟ್ಟಳು.

ಚಂದ್ರಶೇಖರಪ್ಪ ದವಾಖಾನಿಯ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಡೈರಿಯ ತುಂಬ ರಕ್ತ ಕೊಡುವವರ ಹೆಸರು, ಊರು, ಗುಂಪು, ಫೋನ್ ನಂಬರು. ಬೆಳವಣಕಿ, ನರಗುಂದ, ಸೂಡಿ, ಇಟಗಿ, ಎಲ್ಲ ಊರು ಸೇರಿ ಆರುನೂರಾ ನಲವತ್ತು ಮಂದಿ, ಸಿಕ್ಕ ಸಿಕ್ಕ ಹಾಗೆ ಬರೆದದ್ದು.

"ಇದನ್ನ ನೆಟ್ಟಿನ್ಯಾಗ ಹಾಕವಾ. ನಾ ಇಲ್ಲದಾಗೂ ಮಂದಿಗೆ ಸಿಗಬೇಕು" ಅಂದರು.

ನಾಹೀದ ಹದಿನೈದು ದಿನ ಕೂತು ಎಲ್ಲ ಹೆಸರನ್ನೂ ಡೇಟಾಬೇಸಿಗೆ ಏರಿಸಿದಳು. ಗುಂಪು, ಊರು ಆರಿಸಿದರೆ ಬೇಕಾದವರಷ್ಟೇ ಸೋಸಿ ಬರಬೇಕು. ಅದನ್ನೆಲ್ಲ ಮೊದಲಿಂದ ಬರೆಯಲು ಪುರಸೊತ್ತಿರಲಿಲ್ಲ. ಯಾರೋ ಬರೆದು ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟಿದ್ದ ಸಣ್ಣ ಲೈಬ್ರರಿಯೊಂದು ಸಿಕ್ಕಿತು. ಇನ್ನೂರು ಸಾಲಿನ ಸಿದ್ಧ ಕೋಡು. ನಾವು ಆರಿಸಿದ್ದನ್ನು ಅದು ಪುಟದ ವಿಳಾಸಕ್ಕೆ ಪೋಣಿಸಿ ಅವಳ ಪ್ರೋಗ್ರಾಮಿಗೆ ಕಳಿಸುತ್ತಿತ್ತು. ಎ ನೆಗೆಟಿವ್ ಆರಿಸಿದಳು: ಒಂಬತ್ತು ಹೆಸರು ಬಂದವು. ಡೈರಿಯಲ್ಲೂ ಒಂಬತ್ತೇ. ನೆಗೆಟಿವ್ ಗುಂಪಿನವರು ಕಡಿಮೆ, ಎಣಿಸಿ ತಾಳೆ ನೋಡುವುದು ಹಗುರ ಅಂತ ಅವನ್ನಷ್ಟೇ ನೋಡಿ ಚಂದ್ರಶೇಖರಪ್ಪನವರನ್ನು ಕರೆಸಿದಳು.

ಅವರು ಕುರ್ಚಿ ಎಳೆದುಕೊಂಡು ಕನ್ನಡಕ ಏರಿಸಿದರು. "ಸೂಡಿ, ಬಿ ಪಾಸಿಟಿವ್ ತಗಿ."

ಪರದೆಯ ಮೇಲೆ ಒಂದೇ ಸಾಲು ಮೂಡಿತು: ಯಾರೂ ಸಿಗಲಿಲ್ಲ.

"ಸೂಡ್ಯಾಗ ಹನ್ನೊಂದು ಮಂದಿ ಅದಾರವಾ! ನನ್ನ ಕೈಯಾರೆ ರಕ್ತ ತಗದೀನಿ."

"ಎಲ್ಲೋ ಸಣ್ಣ ತಪ್ಪು ಐತ್ರಿ ಕಾಕಾ. ನಾಳೆ ತೋರಿಸ್ತೀನಿ."

ಆ ನಾಳೆ ಬರಲೇ ಇಲ್ಲ. ಊರಿನ ಹೆಸರನ್ನು ಒಂದೊಂದು ಕಡೆ ಒಂದೊಂದು ಥರ ಬರೆದಿರಬೇಕು ಅಂದುಕೊಂಡು ಎಲ್ಲ ಸೂಡಿಯನ್ನೂ ತಿದ್ದಿದಳು. ಸಿಗಲಿಲ್ಲ. ಊರು ಬಿಟ್ಟು ಬರೀ ಗುಂಪನ್ನು ಆರಿಸಿದಳು. ಆಗಲೂ ಪಾಸಿಟಿವ್ ಯಾವುದೂ ಬರಲಿಲ್ಲ. ನಾನೇ ತಪ್ಪಾಗಿ ಏರಿಸಿರಬೇಕೆಂದು ಐನೂರಕ್ಕೂ ಹೆಚ್ಚು ಸಾಲುಗಳ ಗುಂಪನ್ನು ಮತ್ತೆ ಟೈಪು ಮಾಡತೊಡಗಿದಳು. ಮುನ್ನೂರು ಮುಗಿಯುವಷ್ಟರಲ್ಲಿ ಕರೆಂಟು ಹೋಗಿ ಅರ್ಧ ಕೆಲಸ ಅಳಿಸಿಹೋಯಿತು. ಲೈಬ್ರರಿ ಬರೆದವನಿಗೆ ಮೇಲ್ ಹಾಕಿದಳು, ಉತ್ತರವಿಲ್ಲ. ಕೇಂದ್ರದ ಮಾಲೀಕ ಪರಶಪ್ಪ ಬಾಗಿಲಲ್ಲಿ ನಿಂತು, "ಮೇಡಮ್ಮರ, ಕ್ಲಾಸಿನ ಹುಡುಗೂರು ಕಾಯಾಕತ್ತಾವು. ಇದೇನು ನಿಮ್ಮ ಮನೀ ಕೆಲಸೇನ್ರಿ?" ಅಂದ. ಅವಳಿಗೆ ಮೈಯೆಲ್ಲ ಉರಿಯಿತು, ಆದರೂ ಎದ್ದು ಕ್ಲಾಸಿಗೆ ಹೋದಳು.

ಐದನೆಯ ದಿನ ಬೆಳಿಗ್ಗೆ ಚಂದ್ರಶೇಖರಪ್ಪನವರ ಫೋನು ಬಂತು. "ನರಗುಂದದಾಗ ಒಬ್ಬಾಕಿ ಹೆರಿಗಿಗೆ ಬಂದಾಳ, ಓ ಪಾಸಿಟಿವ್ ರಕ್ತ ಬೇಕು. ಡೈರಿ ನಿನ್ನ ಕಡೆ ಐತಿ. ಲಗೂ ನೋಡು."

ಕೈ ತಾನಾಗಿಯೇ ಪುಟದ ಕಡೆ ಹೋಯಿತು. ಯಾರೂ ಸಿಗಲಿಲ್ಲ. ಎಲ್ಲಕ್ಕಿಂತ ಹೆಚ್ಚು ಇರುವ ಗುಂಪಿಗೆ, ಯಾರೂ ಸಿಗಲಿಲ್ಲ! ಮೌಸನ್ನು ದೂಡಿ ಡೈರಿ ಬಿಚ್ಚಿ ಬೆರಳಿಟ್ಟು ಓದತೊಡಗಿದಳು. ನರಗುಂದದ ಮೊದಲನೆಯವರ ನಂಬರು ಬದಲಾಗಿತ್ತು, ಎರಡನೆಯವರು ಎತ್ತಲಿಲ್ಲ. ಮುಕ್ಕಾಲು ತಾಸು ಕಳೆದ ಮೇಲೆ ಅಂದಾನೆಪ್ಪ ಎಂಬ ಮಾಸ್ತರ ಸಿಕ್ಕರು. ಸಾಲಿಯಿಂದಲೇ ಹೊರಟರು. ಬಾಣಂತಿ, ಮಗು ಇಬ್ಬರೂ ಉಳಿದರು.

ಆ ಮಧ್ಯಾಹ್ನ ನಾಹೀದ ಉಣ್ಣಲಿಲ್ಲ. ಪ್ರೋಗ್ರಾಮಿಗೆ ಏನು ತಲುಪುತ್ತಿದೆಯೋ ಅದನ್ನೇ ಪರದೆಗೆ ಮುದ್ರಿಸು ಅಂತ ಒಂದು ಸಾಲು ಹಾಕಿದಳು. ಓ ಪಾಸಿಟಿವ್ ಆರಿಸಿದಳು: ವಿಳಾಸದಲ್ಲಿ ಓ ಪ್ಲಸ್ ಇತ್ತು. ತಲುಪಿದ್ದು ಬರೀ ಓ, ಅದರ ಮುಂದೆ ಖಾಲಿ ಜಾಗ. ವೆಬ್ ವಿಳಾಸದಲ್ಲಿ ಪ್ಲಸ್ ಅಂದರೆ ಖಾಲಿ ಜಾಗ ಅಂತಲೇ ಲೆಕ್ಕ. ಪ್ಲಸ್ಸೇ ಬೇಕಾದರೆ ಅದನ್ನು ಬೇರೆ ಸಂಕೇತದಲ್ಲಿ ಕಳಿಸಬೇಕು. ಲೈಬ್ರರಿ ಬರೆದವನು ಅದನ್ನು ಮರೆತಿದ್ದ. ಮೈನಸ್ಸಿಗೆ ಅಂಥ ತೊಂದರೆ ಇಲ್ಲ, ಅದಕ್ಕೇ ನೆಗೆಟಿವ್ ಎಲ್ಲ ಸರಿಯಾಗಿ ಬರುತ್ತಿದ್ದವು. ಒಂದೇ ಸಾಲು ತಿದ್ದಿದಳು. ಸೂಡಿಯ ಹನ್ನೊಂದೂ ಮಂದಿ ಬಂದು ಸಾಲಾಗಿ ನಿಂತರು.

ಅವಳಿಗೆ ಸಂತೋಷವಾಗಲಿಲ್ಲ. ಒಂದು ಸಾಲಿಗೆ ಐದು ದಿನ! ಕಾಕಾನನ್ನು ಕರೆಸುವ ಮೊದಲೇ ಒಂದು ಪಾಸಿಟಿವ್ ಒತ್ತಿ, ತಲುಪಿದ್ದೇನೆಂದು ಮುದ್ರಿಸಿ ನೋಡಿದ್ದರೆ ಮುಗಿಯುತ್ತಿತ್ತು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು.

ಸಂಜೆ ಚಂದ್ರಶೇಖರಪ್ಪ ಬಂದು ನಾಲ್ಕು ಊರು ಆರಿಸಿ ನೋಡಿ, "ಆತಲ್ಲ, ಚಲೋ ಆತು" ಅಂದು ಡೈರಿ ಬಗಲಿಗೆ ಇಟ್ಟುಕೊಂಡರು.

"ಇನ್ನ ಅದ್ಯಾಕ್ರಿ ಕಾಕಾ?"

"ಇರಲಿ ಬಿಡವಾ. ಕರೆಂಟ್ ಹೋತಂದ್ರ?"

ಅವರು ಹೋದ ಮೇಲೆ ನಾಹೀದ ತಿದ್ದಿದ ಸಾಲನ್ನು ಲೈಬ್ರರಿಯವನಿಗೆ ಕಳಿಸಿದಳು, ಅದಕ್ಕೂ ಮರುಮಾತಿಲ್ಲ. ಯಾದಿ ಮಾತ್ರ ನೆಟ್ಟಿನಲ್ಲಿ ಉಳಿಯಿತು. ಹಳ್ಳಿಯಲ್ಲಿ ಅದನ್ನು ತೆರೆದು ನೋಡುವವರು ಯಾರು? ಮಂದಿ ಪುಟದ ಕೆಳಗಿದ್ದ ಅವಳ ಮೊಬೈಲ್ ನಂಬರನ್ನೇ ಬಾಯಿಂದ ಬಾಯಿಗೆ ದಾಟಿಸಿಕೊಂಡರು. ಗಜೇಂದ್ರಗಡದಿಂದ ಯಾರೋ ಫೋನು ಮಾಡಿ ಗುಂಪು ಹೇಳುವರು. ಕ್ಲಾಸು ಅರ್ಧಕ್ಕೆ ಬಿಟ್ಟು ಅವಳೇ ಆರಿಸಿ, ನಂಬರು ಓದಿ ಹೇಳುವಳು. ಪರಶಪ್ಪ ಬಾಗಿಲಲ್ಲಿ ನಿಂತು ಗೊಣಗುತ್ತಲೇ ಇದ್ದ.