ಮೊದಲು ಬೊರಿವಲಿಯ ಪೆಟ್ಟಿಗೆಗೆ

ವಿಜಯಪುರದಿಂದ ಮದುವೆಯಾಗಿ ಬಂದ ಶಿವಕುಮಾರಿ ಮಾಟುಂಗದ ಕಚೇರಿಯಲ್ಲಿ ಕೂತಲ್ಲಿಂದಲೇ ಹನ್ನೆರಡು ಸಾವಿರ ಮನೆಗಳ ಇಂಟರ್‌ನೆಟ್ ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಾಳೆ. ಆ ಪೆಟ್ಟಿಗೆಗಳು ತವರು ಮರೆಯದ ಹೆಣ್ಣುಮಕ್ಕಳಿದ್ದಂತೆ. ಹದಿನೈದು ನಿಮಿಷಕ್ಕೊಮ್ಮೆ ತಾವಾಗಿಯೇ ಕಚೇರಿಯ ಸರ್ವರಿಗೆ ಸುದ್ದಿ ಕಳಿಸಿ, ಏನಾದರೂ ಹೇಳುವುದಿದೆಯೇ ಎಂದು ಕೇಳುತ್ತವೆ. ಹೇಳುವುದನ್ನು ಆಗಲೇ ಹೇಳಬೇಕು. ತವರಿನ ವಿಳಾಸವೇ ತಪ್ಪಿತೋ, ಮುಗಿಯಿತು. ಮನೆಮನೆಗೆ ಮನುಷ್ಯನೇ ಹೋಗಬೇಕು.

ಆ ಮನುಷ್ಯ ಲೈನ್‌ಮನ್ ಧರ್ಮಣ್ಣ. ಐವತ್ತೆಂಟು ವರ್ಷದ ಮೊಣಕಾಲು, ಧಾರಾವಿಯ ಕಡಿದಾದ ಏಣಿಗಳು. ಕಂಪನಿಯ ಯೋಜನೆಯಲ್ಲಿ ಸರ್ವರಿಗೆ ಏಸಿ ಇರುತ್ತದೆ. ಧರ್ಮಣ್ಣನ ಮೊಣಕಾಲು ಇರುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಮ್ಯಾನೇಜರ್ ಶಶಿಕಾಂತ, ಪೆಟ್ಟಿಗೆಗಳು ಇನ್ನು ಮುಂದೆ ಸುದ್ದಿ ಕಳಿಸಬೇಕಾದ ಹೊಸ ಸರ್ವರಿನ ವಿಳಾಸ ಕಳಿಸಿದ.

“ಎಲ್ಲಾ ಪೆಟ್ಟಿಗಿಗೂ ಒಮ್ಮೆಲೇ ಬಿಡ್ರಿ ಮೇಡಂ. ನಾಲ್ಕಕ್ಕ ದೊಡ್ಡ ಸಾಹೇಬ್ರಿಗೆ ಆತು ಅಂತ ಹೇಳಬೇಕು.”

“ಮೊದಲ ನಮ್ಮನೀಗೆ ಬಿಡ್ತೀನ್ರಿ ಸರ್.”

“ಅರೆ ಬಾಬಾ, ನಿಮ್ಮನಿ ಏನ್ ಪ್ರಯೋಗಶಾಲೆ ಏನ್ರಿ?”

“ಸಾರಿನ ಉಪ್ಪು ನಾವು ನೋಡೇ ಮಂದಿಗೆ ಬಡಸ್ತೀವಲ್ರಿ, ಹಂಗ.”

ಬೊರಿವಲಿಯ ಅವಳ ಮನೆಯ ಪೆಟ್ಟಿಗೆಗೆ ಆದೇಶ ಹೋಯಿತು. ಹದಿನೈದು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಹೊಸ ಸರ್ವರಿಗೆ ಸುದ್ದಿಯೇ ಬರಲಿಲ್ಲ.

“ಲೋಕಲ್ ಟ್ರೇನಿನಂಗ ಲೇಟ್ ಆಗಿರಬೇಕು. ಬಿಡ್ರಿ ಇನ್ನ, ಇಲ್ಲಾಂದ್ರ ನಿಮ್ಮ ಕೆಲಸಕ್ಕ ಕುತ್ತು ಬರತೈತಿ!” ಶಶಿಕಾಂತ ಗುಡುಗಿದ.

ಶಿವಕುಮಾರಿ ಮೌಸ್ ಬಿಟ್ಟು ಕೈಕಟ್ಟಿ ಕೂತಳು. ಆಮೇಲೆ ಸರ್ವರಿನವರಿಗೇ ಫೋನ್ ಹಚ್ಚಿದಳು. ಶಶಿಕಾಂತ ಕೊಟ್ಟದ್ದು ಪರೀಕ್ಷೆಗೆಂದು ಇಟ್ಟಿದ್ದ ಸರ್ವರಿನ ವಿಳಾಸ. ಅದನ್ನು ಮುಚ್ಚಿಯೇ ವಾರವಾಗಿತ್ತು!

ಶಶಿಕಾಂತ ಮೆಲ್ಲಗೆ ಕುರ್ಚಿ ಎಳೆದು ಕೂತ. ಆಗಲೇ ದೊಡ್ಡ ಸಾಹೇಬರಿಗೆ ಪತ್ರ ಬರೆಯತೊಡಗಿದ: ‘ನನ್ನ ಮುಂಜಾಗ್ರತೆಯಿಂದಾಗಿ…’ ಇಂಥವರ ನಾಚಿಕೆಗೆ ಯಾವ ಸರ್ವರಿನಿಂದಲೂ ಸುದ್ದಿ ಬರುವುದಿಲ್ಲ. ಶಿವಕುಮಾರಿ ನಕ್ಕು, ಅತ್ತೆ ನೀಲಾಬಾಯಿಗೆ ಫೋನ್ ಮಾಡಿದಳು.

“ಅತ್ತಿ, ಪೆಟ್ಟಿಗಿ ಹಿಂದಿನ ಸಣ್ಣ ತೂತಿನ್ಯಾಗ ಪಿನ್ನು ಹಾಕಿ, ಹತ್ತು ಎಣಿಸೂತನಾ ಒತ್ತಿ ಹಿಡೀರಿ.”

“ಮತ್ತ ನಮ್ಮನೀದ ಕೆಡಿಸಿದ್ಯಾ? ಊರಾಗ ಬ್ಯಾರೆ ಮನೀನ ಇಲ್ಲೇನು?”

ಹತ್ತು ಎಣಿಸಿದ್ದಾಯಿತು. ಪೆಟ್ಟಿಗೆಗೆ ಹಳೆಯ ವಿಳಾಸ ನೆನಪಾಯಿತು. ಶಿವಕುಮಾರಿಯ ಪರದೆಗೆ ಸುದ್ದಿ ಬಂತು.

“ಎಲ್ಲಾರ ಮನಿಗೂ ಹಿಂಗ ಆಗಿದ್ರ?” ನೀಲಾಬಾಯಿ ಕೇಳಿದಳು.

“ಧರ್ಮಣ್ಣ ಕಾಕಾ ಹನ್ನೆರಡು ಸಾವಿರ ಮನಿ ಹತ್ತಿ ಇಳೀಬೇಕಿತ್ರಿ.”

ಅತ್ತ ಕಡೆ ಬಳೆ ಸದ್ದಾಯಿತು.

“ಹಂಗಾರ ಮುಂದೂ ಮೊದಲ ನಮ್ಮನೀಗ ಬಿಡವಾ. ಪಿನ್ನು ಬಳ್ಯಾಗ ಸಿಗಿಸ್ಕೊಂಡ ಕುಂತೀನಿ.”